ಹೋದ ಸೊಸೆಯನ್ನು ಎಲ್ಲಿ ನಿಲ್ಲಿಸುವುದು

ಚಿತ್ತಾರದ ಹೆಂಗಸಿಗೆ ಬೆನ್ನಿಲ್ಲ. ಮುಖವೂ ಇಲ್ಲ. ಎರಡು ತ್ರಿಕೋನಗಳ ಚೂಪು ತುದಿಗಳನ್ನು ಸೊಂಟದಲ್ಲಿ ಕೂಡಿಸಿ, ಮೇಲೊಂದು ತಲೆ ಇಟ್ಟು, ಬದಿಗೆರಡು ಕೈ ಎಳೆದರೆ ಹೆಂಗಸಾದಳು. ತಲೆಯ ಮೇಲೆ ಬಾಸಿಂಗ ಬರೆದರೆ ಮದುಮಗಳಾದಳು. ಮದುವೆ ಮನೆಯ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಹಸೆ ಬರೆಯುವ ನಮಗೆ ಇಷ್ಟರಿಂದ ಎಂದೂ ಕಮ್ಮಿ ಬಿದ್ದದ್ದಿಲ್ಲ. ಹಸೆಯಲ್ಲಿರುವವರೆಲ್ಲ ಬಂದು ನಿಂತವರು. ಬಿಟ್ಟು ಹೋಗುವವರನ್ನು ಬರೆಯುವ ಪ್ರಮೇಯ ನಮ್ಮ ಅತ್ತೆಗೂ ಬಂದಿರಲಿಲ್ಲ, ಅವರ ಅತ್ತೆಗೂ ಬಂದಿರಲಿಲ್ಲ. ನನಗೆ ಬಂತು, ಅದೂ ಚರ್ಚಿನವರ ಗೋಡೆಯ ಮೇಲೆ.

ಸಾಗರದ ನಮ್ಮ ಮನೆಗೆ ಫಾದರ್ ಬಂದಾಗ ಬಿಸಿಲು ಏರುವ ಕಾಲ ಶುರುವಾಗಿತ್ತು. ಹೊಸನಗರ ದಾಟಿ ಕೋಣಂದೂರಿನ ಕಡೆಗೆ ಹೋಗುವ ದಾರಿಯಲ್ಲಿ ಅವರದೊಂದು ಸಣ್ಣ ಚರ್ಚು. ಪಕ್ಕದಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುವ ಹಾಲ್. ಹಳೆಯ ಹಾಲನ್ನು ರಿಪೇರಿ ಮಾಡಿಸಿ ಈಸ್ಟರ್ ಹೊತ್ತಿಗೆ ತೆರೆಯಬೇಕು, ಅದರ ಒಂದು ಗೋಡೆ ತುಂಬ ಚಿತ್ತಾರ ಬೇಕು ಎಂದರು. ಮಂಗಳೂರು ಕಡೆಯವರು, ಮೆತ್ತಗಿನ ಮಾತು.

"ಅಮ್ಮ, ನಿಮ್ಮ ಚಿತ್ತಾರದಲ್ಲಿ ಭತ್ತದ ತೆನೆ ನೋಡಿದೆ. ನಮ್ಮ ಬೈಬಲಿನಲ್ಲಿ ಒಂದು ಕಥೆ ಉಂಟು, ಕೊಯ್ಲಿನ ಕಾಲದ್ದು. ಅತ್ತೆ ಸೊಸೆಯದ್ದು. ಅದನ್ನು ಬರಿಲಿಕ್ಕೆ ಆಗ್ತದಾ?"

"ಅತ್ತೆ ಸೊಸೆ ಜಗಳದ್ದಾ?"

"ಅಲ್ಲ ಅಮ್ಮ, ಪ್ರೀತಿಯದ್ದು."

"ಹಂಗಾದ್ರೆ ಕಷ್ಟ ಫಾದರ್. ಜಗಳ ಆಗಿದ್ರೆ ನೋಡಿ ಗೊತ್ತಿತ್ತು" ಎಂದೆ. ಪಕ್ಕದಲ್ಲಿ ಪುಂಡಿ ನಾರನ್ನು ಜಜ್ಜಿ ಕುಂಚ ಮಾಡುತ್ತ ಕೂತಿದ್ದ ನನ್ನ ಸೊಸೆ ತಲೆ ಎತ್ತದೆ ನಕ್ಕಳು.

ಫಾದರ್ ಕಥೆ ಹೇಳಿದರು. ಬರಗಾಲಕ್ಕೆ ಊರು ಬಿಟ್ಟು ಪರದೇಶಕ್ಕೆ ಹೋದ ಒಂದು ಸಂಸಾರ. ಅಲ್ಲಿ ಯಜಮಾನ ತೀರಿಕೊಂಡ. ಇಬ್ಬರು ಗಂಡುಮಕ್ಕಳು ಆ ದೇಶದ ಹುಡುಗಿಯರನ್ನೇ ಮದುವೆಯಾದರು, ಆಮೇಲೆ ಅವರೂ ತೀರಿಕೊಂಡರು. ಉಳಿದವರು ಅತ್ತೆ ನೊವೊಮಿ ಮತ್ತು ಇಬ್ಬರು ಸೊಸೆಯರು. ನೊವೊಮಿ ತನ್ನೂರಿಗೆ ಹೊರಟಳು. ಜೊತೆಗೆ ಬಂದ ಸೊಸೆಯರಿಗೆ ದಾರಿಯಲ್ಲಿ, ನೀವು ನಿಮ್ಮ ತಾಯಿಮನೆಗೆ ಹೋಗಿ ಎಂದಳು. ಒರ್ಫಾ ಎಂಬವಳು ಅತ್ತು, ಅತ್ತೆಗೆ ಮುತ್ತಿಟ್ಟು ಹೋದಳು. ರೂತ್ ಎಂಬವಳು ಅತ್ತೆಯನ್ನು ಬಿಗಿಯಾಗಿ ಹಿಡಿದು ನಿಂತಳು. ಅತ್ತೆಯ ಊರಿಗೆ ಹೋಗಿ, ಪರರ ಹೊಲದಲ್ಲಿ ಹಕ್ಕಲಾಯ್ದು ಅತ್ತೆಯನ್ನು ಸಾಕಿದಳು. ಕೊಯ್ಲಾದ ಮೇಲೆ ಉದುರಿದ ತೆನೆ ಆಯುವುದು ನಮಗೆ ಹೊಸತೇನಲ್ಲ. ಗೇಣಿಯ ಕಾಲದಲ್ಲಿ, ಗದ್ದೆ ನಮ್ಮ ಹೆಸರಿಗೆ ಆಗುವ ಮೊದಲು, ನಮ್ಮ ಅತ್ತೆಯೂ ಒಡೆಯರ ಗದ್ದೆಯಲ್ಲಿ ಹಕ್ಕಲಾಯ್ದವರೇ. ಬರೆಯುತ್ತೇವೆ ಎಂದು ಒಪ್ಪಿಕೊಂಡೆ.

ಒಪ್ಪಿಕೊಳ್ಳಲು ಇನ್ನೊಂದು ಕಾರಣವೂ ಇತ್ತು. ಆ ನಿಂತ ಸೊಸೆ ನನಗೆ ಬಹಳ ಹಿಡಿಸಿದ್ದಳು.

ನನ್ನ ಮಗ ಬೈಕ್ ಅಪಘಾತದಲ್ಲಿ ಹೋದ ಮೇಲೆ ನನ್ನ ಸೊಸೆ ನಮ್ಮ ಜೊತೆಗೇ ಉಳಿದಳು. ಮದುವೆ ಮನೆಗಳಲ್ಲಿ ಅವಳು ಕುಂಚ ಮುಟ್ಟಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. "ನೀವೊಬ್ರೇ ಬನ್ನಿ, ಸಾಕು" ಎಂದರು, ಅಷ್ಟೆ. ಅವಳ ಕೈ ಬೇಡವಾದ ಗೋಡೆಗೆ ನನ್ನ ಕೈಯೂ ಬೇಡ ಎಂದು ನಾನು ಮದುವೆ ಹಸೆಯನ್ನೇ ಬಿಟ್ಟೆ. ಈಗ ನಮಗೆ ಹೋಂಸ್ಟೇ, ಶಾಲೆ, ಕಚೇರಿಗಳ ಗೋಡೆಗಳು, ವಸ್ತುಪ್ರದರ್ಶನಕ್ಕೆ ಕಳಿಸುವ ಚೌಕಟ್ಟಿನ ಚಿತ್ತಾರಗಳು. ಆ ಚೌಕಟ್ಟುಗಳನ್ನು ಗೂಡ್ಸ್ ಆಟೋದಲ್ಲಿ ಸಾಗಿಸುವವನು ಬ್ಯಾಕೋಡಿನ ಕಡೆಯ ನಮ್ಮವರ ಹುಡುಗ. ಅವನಿಗೆ ನನ್ನ ಸೊಸೆಯನ್ನು ಕೊಡುತ್ತೀರಾ ಎಂದು ಅವನ ತಾಯಿ ಸಂಕ್ರಾಂತಿ ಕಳೆದ ಮೇಲೆ ಬಂದು ಕೇಳಿದ್ದರು. ನನ್ನ ಗಂಡ ಆಗಬಹುದು ಎಂದರು. ಅವಳ ತವರಿನಲ್ಲಿ ಉಳಿದಿರುವ ಒಬ್ಬ ಅಣ್ಣ, ನೀವು ಹೇಗೆ ಹೇಳಿದರೆ ಹಾಗೆ ಎಂದು ಕೈ ತೊಳೆದುಕೊಂಡ. ನಾನು ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಯೋಚನೆ ಮಾಡುವುದಕ್ಕೆ ಏನೂ ಇರಲಿಲ್ಲ. ಅವಳನ್ನು ಕಳಿಸಲು ನನಗೆ ಮನಸ್ಸಿರಲಿಲ್ಲ. ಮಗ ಹೋದ ಮೇಲೆ ನಾನು ಯಾರ ಮುಖ ನೋಡಿ ಬೆಳಿಗ್ಗೆ ಎದ್ದೆನೋ ಅವಳನ್ನು ಹಿನ್ನೀರಿನಾಚೆಯ ಊರಿಗೆ ಕೊಟ್ಟು ನಾನೇನು ಮಾಡಲಿ? ಹೀಗಿರುವಾಗ, ಬಿಟ್ಟು ಹೋಗದ ಸೊಸೆಯೊಬ್ಬಳನ್ನು ದೇವರ ಪುಸ್ತಕದಲ್ಲಿಟ್ಟು ಹೊಗಳಿದ್ದಾರೆ ಎಂದರೆ ನನಗೆ ಖುಷಿಯಾಗದೆ ಇರುತ್ತದೆಯೇ?

ಚರ್ಚಿನ ಹಿಂದೆ ಸಿಸ್ಟರುಗಳ ಮನೆಯಲ್ಲಿ ನಮಗೊಂದು ಕೋಣೆ ಕೊಟ್ಟರು. ಮಣ್ಣಿನ ಚೀಲ, ಅಕ್ಕಿ, ಒರಳುಕಲ್ಲಿನ ಬದಲು ಮಿಕ್ಸಿ, ನೂಲಿನ ಉಂಡೆ ಹೊತ್ತುಕೊಂಡು ಹೊಸನಗರದಲ್ಲಿ ಬಸ್ಸು ಬದಲಿಸಿ ಹೋಗಿ ಸೇರಿದೆವು.

ಗೋಡೆ ಮೊದಲನೆಯ ದಿನವೇ ತನ್ನ ಗುಣ ತೋರಿಸಿತು. ಹೊನ್ನೆಮರಡಿನ ಕಡೆ ಹಿನ್ನೀರು ಇಳಿದ ಮೇಲೆ ದಂಡೆಯಲ್ಲಿ ಸಿಗುವ ಕೆಮ್ಮಣ್ಣಿಗೆ ಒಳ್ಳೆಯ ಬಣ್ಣವಿದೆ. ಅದನ್ನು ಜರಡಿ ಹಿಡಿದು, ನೀರಿನಲ್ಲಿ ಕಲಸಿಟ್ಟು, ಮೇಲಿನ ತಿಳಿ ಬಸಿದು, ಉಳಿದ ನಯವಾದ ಕೆಸರಿಗೆ ಅಂಟು ಬೆರೆಸಿ ಬಳಿದೆವು. ಸಂಜೆ ನೋಡಿದರೆ ಚಂದ ಕೂತಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಬಲಗಡೆ ಪೂರ್ತಿ ಬಿರುಕು ಬಿಟ್ಟು, ಸುಟ್ಟ ಹಪ್ಪಳದ ಹಾಗೆ ಎದ್ದು ನಿಂತಿತ್ತು. ಮುಟ್ಟಿದರೆ ತುಂಡು ತುಂಡಾಗಿ ಉದುರುತ್ತಿತ್ತು. ಒಳಗೆ ಹಳೆಯ ಡಿಸ್ಟೆಂಪರ್ ಇತ್ತು, ಅದು ಮಣ್ಣನ್ನು ಹಿಡಿದುಕೊಳ್ಳಲಿಲ್ಲ. ನಮ್ಮ ಮಣ್ಣಿನ ಗೋಡೆಗಳಿಗೆ ಒಗ್ಗಿದ ಬುದ್ಧಿಗೆ ಇದು ಹೊಳೆದಿರಲಿಲ್ಲ.

ಸೊಸೆ ಮೂಗಿಗೆ ಟವೆಲ್ ಕಟ್ಟಿಕೊಂಡು ತಂತಿಯ ಬ್ರಶ್ ಹಿಡಿದಳು. ನಾನು ಸ್ಯಾಂಡ್ ಪೇಪರ್ ಹಿಡಿದೆ. ಗೋಡೆಯನ್ನು ಕೆರೆದು ಕೆರೆದು ಸಿಮೆಂಟು ಕಾಣುವವರೆಗೆ ತಂದೆವು. ತೊಳೆದು, ಒಣಗಿಸಿ, ತೆಳ್ಳಗೆ ಸುಣ್ಣ ಹೊಡೆದು, ಅದರ ಮೇಲೆ ಮಣ್ಣನ್ನು ದಪ್ಪಗೆ ಒಂದೇ ಸಲ ಬಳಿಯದೆ ತೆಳ್ಳಗೆ ಹಲವು ಸಲ ಬಳಿದೆವು. ಈ ಸಲ ನಿಂತಿತು. ಆದರೆ ಗೋಡೆ ಕೆರೆಯುವುದರಲ್ಲೇ, ಚಿತ್ರ ಬರೆಯಲು ಇಟ್ಟುಕೊಂಡಿದ್ದ ದಿನಗಳಲ್ಲಿ ಅರ್ಧ ಕಳೆದುಹೋಗಿತ್ತು. ಬೇಗ ಬೇಗ ಮಾಡಬೇಕು ಎಂಬ ಗಡಿಬಿಡಿ ಅಲ್ಲಿಂದ ಶುರುವಾಯಿತು.

ಚಿತ್ತಾರದಲ್ಲಿ ಮೊದಲು ಬರುವುದು ಎಳೆ. ನೂಲನ್ನು ಅಕ್ಕಿಹಿಟ್ಟಿನ ನೀರಿಗೆ ಅದ್ದಿ, ಇಬ್ಬರು ಎರಡು ತುದಿ ಹಿಡಿದು, ಬಿಗಿದು ಗೋಡೆಗೆ ತಾಗಿಸಿದರೆ ನೆಟ್ಟಗೆ ಗೆರೆ ಬೀಳುತ್ತದೆ. ಒಬ್ಬರ ಕೈ ಒಂಚೂರು ಸಡಿಲವಾದರೂ ಗೆರೆ ಹೊಟ್ಟೆ ಬಿಡುತ್ತದೆ. ಸೊಸೆಯ ಜೊತೆ ನನಗೆ ಹಾಗಾಗುವುದಿಲ್ಲ. "ಹೂಂ" ಎಂದು ಹೇಳಬೇಕಾಗಿಯೂ ಇಲ್ಲ, ಇಬ್ಬರ ಕೈಯೂ ಒಟ್ಟಿಗೇ ಹೋಗುತ್ತದೆ. ಅಂಚು, ಒಳ ಅಂಚು, ನಡುವಿನ ಚೌಕ, ಚೌಕದ ಸುತ್ತ ತೆನೆಯ ಸಾಲು ಹೀಗೆ ಮುಕ್ಕಾಲು ಪಾಲು ಗೋಡೆ ಸಲೀಸಾಗಿ ಮುಗಿಯಿತು. ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಅಲ್ಲಲ್ಲಿ ತುಂಬಿದೆವು.

ಹಸೆಯಲ್ಲಿ ನಡುವಿನ ಚೌಕ ಮದುಮಕ್ಕಳದು. ಅಲ್ಲಿ ಅತ್ತೆಯನ್ನೂ ನಿಂತ ಸೊಸೆಯನ್ನೂ ಬರೆದೆ. ಹೋದ ಸೊಸೆಯನ್ನು ಕೆಳಗಿನ ಮೂಲೆಯಲ್ಲಿ, ಚೌಕದ ಹೊರಗೆ ಚಿಕ್ಕದಾಗಿ ಬರೆದೆ. ಫಾದರ್ ಕೊಟ್ಟ ಕ್ಯಾಲೆಂಡರ್ ಚಿತ್ರದಲ್ಲೂ ಅವಳು ದೂರದಲ್ಲಿ, ಬೆನ್ನು ಹಾಕಿಕೊಂಡು, ಇಷ್ಟೇ ಇಷ್ಟು ಇದ್ದಳು. ಹೋದವಳಿಗೆ ಅಷ್ಟು ಜಾಗ ಸಾಕು ಎಂದುಕೊಂಡೆ.

ಏಣಿಯಿಂದ ಇಳಿದು ದೂರ ನಿಂತು ನೋಡುತ್ತಿದ್ದಾಗ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು.

"ಎಂಥ ಆತೇ?"

"ಅತ್ತೆ, ಮೂರೂ ಜನ ಗಂಡ ಸತ್ತೋರಲ್ವಾ? ನೀವು ಎಲ್ರಿಗೂ ಬಾಸಿಂಗ ಕಟ್ಬಿಟ್ಟಿದೀರಲ್ಲ!"

ನೋಡಿದರೆ ಹೌದು. ಮೂವರ ತಲೆಯ ಮೇಲೂ ಬಾಸಿಂಗ, ಮುದುಕಿ ಅತ್ತೆಗೂ ಸೇರಿ. ಚಿಕ್ಕಂದಿನಿಂದ ತಲೆ ಬರೆದ ಮೇಲೆ ಬಾಸಿಂಗ ಬರೆದೇ ರೂಢಿಯಾದ ಕೈ, ನನ್ನನ್ನು ಕೇಳದೆ ಬರೆದುಬಿಟ್ಟಿತ್ತು. ನನಗೂ ನಗು ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಕ್ಕದ ಕೋಣೆಗೆ ಹೊಲಿಗೆಗೆ ಬಂದಿದ್ದ ಹೆಂಗಸರು ಬಾಗಿಲಲ್ಲಿ ಬಂದು ನೋಡುವಷ್ಟು ನಕ್ಕೆವು. ನಗು ನಿಂತ ಮೇಲೆ ಅವಳು ಆ ಬಾಸಿಂಗಗಳನ್ನೇ ನೋಡುತ್ತ ನಿಂತಿದ್ದಳು. ನಾನು ಒದ್ದೆ ಬಟ್ಟೆ ತೆಗೆದುಕೊಂಡು ಮೂರನ್ನೂ ಒರೆಸಿಹಾಕಿದೆ. ಬಿಳಿ ಹೋದರೂ ಕೆಂಪಿನ ಮೇಲೆ ಮಸುಕು ಕಲೆ ಉಳಿಯುತ್ತದೆ. ಅದರ ಮೇಲೆ ಮತ್ತೆ ಮಣ್ಣು ಬಳಿದರೆ ಸುತ್ತಲಿಗಿಂತ ಗಾಢವಾಗಿ ಒಣಗುತ್ತದೆ. ಮೂವರ ತಲೆಯ ಮೇಲೂ ಒಂದೊಂದು ತೇಪೆ ಬಿತ್ತು.

ಅಂದು ಸಂಜೆ ನನ್ನ ಗಂಡ ಫೋನ್ ಮಾಡಿದರು.

"ಬ್ಯಾಕೋಡಿನವ್ರು ಕೇಳ್ತಿದಾರೆ ಕಣೇ. ನಾವು ಏನೂ ಹೇಳ್ದೆ ಇದ್ರೆ ಬೇರೆ ಕಡೆ ಹೆಣ್ಣು ನೋಡ್ತಾರಂತೆ."

"ನೋಡ್ಲಿ ಬಿಡಿ. ಊರಲ್ಲಿ ಹೆಣ್ಣಿಗೆ ಬರ ಬಂದಿದ್ಯಾ?"

"ಕೋಪ ಬೇಡ ಮಾರಾಯ್ತಿ. ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಅವಳನ್ನ ನಡುವೆ ನೇತಾಡ್ಸ್ಬೇಡ."

ನಾನು ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ ಎಂದು ಫೋನ್ ಇಟ್ಟೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ಮರುದಿನ ಫಾದರ್ ಬಂದು ಗೋಡೆಯ ಮುಂದೆ ಬಹಳ ಹೊತ್ತು ನಿಂತರು.

"ಚಂದ ಉಂಟು ಅಮ್ಮ. ತೆನೆಯಂತೂ ಭಾರಿ ಚಂದ. ಆದರೆ ಈ ಮೂಲೆಯಲ್ಲಿ ಇದ್ದಾಳಲ್ಲ, ಇವಳು ಹೋಗುದಾ, ಬರುದಾ ಗೊತ್ತಾಗುದಿಲ್ಲ."

ಅವರು ಹೇಳಿದ್ದು ಸರಿ. ಬೆನ್ನಿಲ್ಲದವಳು ಬೆನ್ನು ಹಾಕುವುದು ಹೇಗೆ? ಮೊದಲು ಅವಳನ್ನು ಪಕ್ಕಕ್ಕೆ ವಾಲಿಸಿ ಬರೆದು ನೋಡಿದೆ, ಜಾರಿ ಬೀಳುವವಳ ಹಾಗೆ ಕಂಡಳು. ಒರೆಸಿದೆ. ಅವಳಿಗೂ ಅತ್ತೆಗೂ ನಡುವೆ ಹೆಜ್ಜೆಗಳನ್ನು ಬರೆದೆ. "ಅಷ್ಟಮಿಗೆ ಕೃಷ್ಣ ಬಂದಂಗಾಯ್ತು ಅತ್ತೆ" ಎಂದಳು ಸೊಸೆ. ಅದನ್ನೂ ಒರೆಸಿದೆ. ಇನ್ನೂ ಚಿಕ್ಕದಾಗಿ ಬರೆದರೆ ಮಗುವಿನ ಹಾಗೆ ಕಾಣುತ್ತಿತ್ತು. ಮೂಲೆಯ ಮಣ್ಣು ಒರೆಸಿ ಒರೆಸಿ ಸವೆದು, ಒಳಗಿನ ಸುಣ್ಣ ಇಣುಕತೊಡಗಿತು. ಗೋಡೆಯ ಮೇಲೆ ನನಗೆ ಇಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

ಊಟದ ಹೊತ್ತಿಗೆ ಮುಂಚೆ ಸೊಸೆ ಹೇಳಿದಳು. "ಅತ್ತೆ, ಒಂದು ದಂಡಿಗೆ ಬರೆದ್ರೆ?"

ದಂಡಿಗೆ ಎಂದರೆ ಮದುಮಗಳನ್ನು ಕೂರಿಸಿ ಹೊತ್ತೊಯ್ಯುವ ಪಲ್ಲಕ್ಕಿ. ನಮ್ಮ ಹಸೆಯಲ್ಲಿ ಅದು ಇದ್ದೇ ಇರುತ್ತದೆ. ಹೊರಟವಳು ಎಂದು ಹೇಳಲು ನಮ್ಮ ಚಿತ್ತಾರದಲ್ಲಿ ಇರುವ ಗುರುತು ಅದೊಂದೇ. ಅದು ನನಗೆ ಹೊಳೆಯದೆ ಇದ್ದದ್ದೇ ಆಶ್ಚರ್ಯ.

"ಬಿಟ್ಟು ಹೋದವಳಿಗೆ ದಂಡಿಗೆ ಬೇರೆ ಕೇಡು" ಎಂದೆ.

ಅವಳು ಕುಂಚವನ್ನು ಬಟ್ಟಲಿನ ಅಂಚಿಗೆ ಒರಗಿಸಿಟ್ಟಳು. "ಅವ್ಳು ಬಿಟ್ಟು ಹೋಗಿದ್ದಲ್ಲ ಅತ್ತೆ. ಹೋಗು ಅಂದಿದ್ದು ಅವ್ಳ ಅತ್ತೆನೇ ಅಲ್ವಾ?"

ಇಷ್ಟು ಹೇಳಿ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಳು. ದನಿ ಏರಿಸಿರಲಿಲ್ಲ, ಮುಖ ಗಂಟು ಹಾಕಿರಲಿಲ್ಲ.

ಊಟದ ಮೇಲೆ ಫಾದರ್ ಹತ್ತಿರ ಹೋಗಿ, ಆ ಕಥೆಯನ್ನು ಪುಸ್ತಕದಲ್ಲಿ ಇರುವ ಹಾಗೆಯೇ ಓದಿ ಹೇಳಿ ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಮೊದಲ ಸಲ ಅವರು ಬಾಯಿಮಾತಿನಲ್ಲಿ ಹೇಳಿದಾಗ, ತಾಯಿಮನೆಗೆ ಹೋಗಿ ಎಂದಳು ಎಂಬುದಷ್ಟೇ ನನ್ನ ಕಿವಿಗೆ ಬಿದ್ದಿತ್ತು. ಅಲ್ಲಿ ಅಷ್ಟೇ ಇರಲಿಲ್ಲ. ನೊವೊಮಿ ಆ ಹುಡುಗಿಯರಿಗೆ, ನೀವು ನನ್ನ ಮಕ್ಕಳಿಗೂ ನನಗೂ ಒಳ್ಳೆಯದನ್ನು ಮಾಡಿದ್ದೀರಿ, ನಿಮಗೆ ಇನ್ನೊಬ್ಬ ಗಂಡನ ಮನೆಯಲ್ಲಿ ನೆಮ್ಮದಿ ಸಿಗಲಿ ಎಂದು ಹರಸಿದ್ದಳು.

"ಒಂದೇ ಸಲ ಹೇಳಿದ್ಲಾ ಫಾದರ್?"

"ಇಲ್ಲ ಅಮ್ಮ. ಅವರು ಒಪ್ಪುದಿಲ್ಲ, ಇವಳು ಪುನಃ ಹೇಳುದು. ನನ್ನ ಹತ್ತಿರ ನಿಮಗೆ ಕೊಡ್ಲಿಕ್ಕೆ ಏನುಂಟು, ಹೋಗಿ ಅಂತ. ಪುನಃ ಪುನಃ ಹೇಳಿದ್ದಾಳೆ."

"ಇದನ್ನ ಯಾರೂ ಬರೆಯಲ್ಲ ಅಲ್ವಾ?"

ಫಾದರ್ ಪುಸ್ತಕ ಮುಚ್ಚಿದರು. "ಎಲ್ಲರೂ ರೂತಳನ್ನು ಬರೀತಾರೆ ಅಮ್ಮ. ನಾವೂ ಚರ್ಚಿನಲ್ಲಿ ಅವಳ ಮೇಲೆಯೇ ಪ್ರಸಂಗ ಮಾಡುದು."

ನಾನು ಹೊರಗೆ ಬಂದು ಹಾಲಿನ ಮೆಟ್ಟಿಲ ಮೇಲೆ ಕೂತೆ. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರಗಳ ಸದ್ದು. ನೊವೊಮಿಗೆ ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ, ತಿನ್ನಲು ಕಾಳಿರಲಿಲ್ಲ. ಇದ್ದದ್ದು ಆ ಇಬ್ಬರು ಹುಡುಗಿಯರು ಮಾತ್ರ. ಆ ಇಬ್ಬರನ್ನೂ ಕಳಿಸಲು ಹೊರಟಿದ್ದಳು. ನನಗೆ ಗಂಡ ಇದ್ದಾರೆ, ಸಾಗರದಲ್ಲಿ ಮನೆ ಇದೆ, ಕೈತುಂಬ ಕೆಲಸ ಇದೆ. ಹೋಗು ಎಂಬ ಮಾತು ಒಂದು ಸಲವೂ ನನ್ನ ಬಾಯಿಂದ ಬಂದಿರಲಿಲ್ಲ. ಹೋಗು ಎನ್ನದ ಮನೆಯಲ್ಲಿ ಉಳಿದವಳನ್ನು ನಿಂತ ಸೊಸೆ ಎಂದು ಹೇಗೆ ಕರೆಯುವುದು? ಅವಳಿಗೆ ಹೋಗುವ ದಾರಿಯನ್ನೇ ತೋರಿಸಿರಲಿಲ್ಲವಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಬರೆಯಬೇಕಾದ ಚಿತ್ರ ಯಾವುದು ಎಂದು ಗೊತ್ತಾಗಿಬಿಟ್ಟಿತ್ತು, ಅದನ್ನು ಬರೆದರೆ ನಾನು ಏನು ಮಾಡಬೇಕಾಗುತ್ತದೆ ಎಂಬುದೂ ಗೊತ್ತಾಗಿತ್ತು.

ಒಳಗೆ ಹೋಗಿ ನಡುವಿನ ಚೌಕವನ್ನು ಪೂರ್ತಿ ಒದ್ದೆ ಮಾಡಿ ಕೆರೆಯತೊಡಗಿದೆ.

"ಅಯ್ಯೋ ಅತ್ತೆ! ಎಂಥ ಮಾಡ್ತಿದೀರಿ? ದಿನ ಎಲ್ಲಿದೆ?"

"ನೀನೂ ಒಂದು ಬಟ್ಟೆ ತಗೋ. ಅತ್ತೆ ನಡುವೆ ಬರ್ಬೇಕು. ಸೊಸೆಯಂದ್ರು ಆಚೆ ಈಚೆ. ಮೂರೂ ಒಂದೇ ಎತ್ತರ."

"ಮೂಲೆಲಿದ್ದೋಳು?"

"ಅವ್ಳೂ ಒಳಗೆ ಬರ್ತಾಳೆ."

ಚೌಕಕ್ಕೆ ಹೊಸ ಮಣ್ಣು ಬಳಿದೆವು. ಇಡೀ ಚೌಕಕ್ಕೆ ಒಮ್ಮೆಲೇ ಬಳಿದದ್ದರಿಂದ ತೇಪೆಯ ಕಾಟ ತಪ್ಪಿತು. ನಡುವಿನ ಬಣ್ಣ ಸುತ್ತಲಿಗಿಂತ ಒಂದಿಷ್ಟು ಗಾಢವಾಯಿತು, ಅದೂ ಚೆನ್ನಾಗಿಯೇ ಕಂಡಿತು. ಒಣಗುವವರೆಗೆ ಕಾಯುವಾಗ ಸಿಸ್ಟರುಗಳು ಬಂದು ಬೋಳು ಚೌಕ ನೋಡಿ ಗಾಬರಿಯಾಗಿ ಫಾದರ್‌ಗೆ ಹೇಳಿದರು. ಫಾದರ್ ಬಂದರು.

"ಎಂತ ಅಮ್ಮ, ಇದ್ದದ್ದನ್ನೂ ತೆಗೆದಿರಾ?"

ನಾನು ಇದ್ದಿಲ ಚೂರಿನಿಂದ ನೆಲದ ಮೇಲೆ ಗೆರೆ ಹಾಕಿ ತೋರಿಸಿದೆ. ನಡುವೆ ಅತ್ತೆ, ಎರಡೂ ಕೈ ಬದಿಗೆ ಚಾಚಿಕೊಂಡು. ಒಂದೊಂದು ಕೈಯಲ್ಲಿ ಒಂದೊಂದು ಬಾಸಿಂಗ. ಬಲಗಡೆಯ ಸೊಸೆಯ ಆಚೆ ದಂಡಿಗೆ. ಎಡಗಡೆಯ ಸೊಸೆಯ ಕೈ ಬಾಸಿಂಗವನ್ನು ದಾಟಿ ಬಂದು ಅತ್ತೆಯ ಸೊಂಟ ಹಿಡಿದಿದೆ.

"ಬಾಸಿಂಗ ಅಂದ್ರೆ ನಮ್ಮಲ್ಲಿ ಮದುವೆ ಫಾದರ್. ಇಬ್ರಿಗೂ ಕೊಟ್ಳಲ್ಲ ಅವ್ಳು. ಒಬ್ಳು ತಗೊಂಡು ಹೋದ್ಲು, ಒಬ್ಳು ಬೇಡ ಅಂದು ನಿಂತ್ಲು. ಆದ್ರೆ ಕೊಟ್ಟಿದ್ದು ಇಬ್ರಿಗೂ."

ಫಾದರ್ ಬಗ್ಗಿ ಆ ಇದ್ದಿಲ ಗೆರೆಗಳನ್ನೇ ನೋಡಿದರು. ನಮ್ಮ ಚರ್ಚಿನ ಹಿರಿಯರು ಏನು ಹೇಳುತ್ತಾರೋ ಎಂದು ಒಂದು ಸಲ ಗೊಣಗಿದರು. ರೂತಳ ಕೈ ಇನ್ನೂ ಸ್ವಲ್ಪ ಬಿಗಿಯಾಗಿ ಹಿಡಿದ ಹಾಗೆ ಆಗಬಹುದಾ ಎಂದು ಕೇಳಿದರು. ಆಗಬಹುದು ಎಂದೆ. ರೂತಳಿಗೆ ಮುಂದೆ ಅತ್ತೆಯ ಊರಿನಲ್ಲೇ ಮದುವೆಯೂ ಆಗುತ್ತದೆ, ಆ ಗಂಡನನ್ನು ಹುಡುಕಿಕೊಟ್ಟದ್ದೂ ಈ ಅತ್ತೆಯೇ ಎಂದು ಅವರೇ ಹೇಳಿದರು. ಆಮೇಲೆ ನೆಟ್ಟಗೆ ನಿಂತು, "ಬರೀರಿ ಅಮ್ಮ. ಇದು ಪುಸ್ತಕದಲ್ಲಿ ಇರುದೇ" ಎಂದರು.

ಮತ್ತೆ ಎಳೆ ಹಿಡಿದೆವು. ಮೂವರ ಮೈ ಬರೆದೆವು. ತಲೆ ಬರೆದಾಗ ನನ್ನ ಕೈ ಒಂದು ಗಳಿಗೆ ಅಲ್ಲೇ ತಡೆದು ನಿಂತಿತು, ಆದರೆ ಈ ಸಲ ತಪ್ಪು ಮಾಡಲಿಲ್ಲ. ದಂಡಿಗೆಯನ್ನು ಸೊಸೆ ಬರೆದಳು. ಅದರ ಕೋಲು, ಮೇಲಿನ ಕಮಾನು, ಕಮಾನಿನಿಂದ ಇಳಿಬಿದ್ದ ಕುಚ್ಚು ಒಂದೊಂದನ್ನೂ ಕೂದಲೆಳೆಯ ಸಣ್ಣ ಗೆರೆಯಲ್ಲಿ ಬರೆಯುತ್ತ, ಹೆಣ್ಣೊಪ್ಪಿಸುವ ಹಾಡನ್ನು ಬಾಯಿ ಬಿಡದೆ ಗುನುಗುತ್ತಿದ್ದಳು. ಹಸೆ ಬರೆಯುವಾಗ ಹಾಡುವುದು ನಮ್ಮಲ್ಲಿ ಪದ್ಧತಿ. ಮದುವೆ ಹಸೆ ಬಿಟ್ಟ ಮೇಲೆ ನಾವಿಬ್ಬರೂ ಹಾಡಿದ್ದೇ ಇರಲಿಲ್ಲ. ನಾನು ಒಂದು ಸಾಲಿಗೆ ದನಿ ಸೇರಿಸಿ ಬಿಟ್ಟೆ. ಅವಳ ಬಟ್ಟಲಿಗೆ ಹಿಟ್ಟು ಕಲಸತೊಡಗಿದೆ.

ಕೊನೆಗೆ ಉಳಿದದ್ದು ಎರಡು ಬಾಸಿಂಗಗಳು. ಅವಳು ಅಭ್ಯಾಸದಂತೆ ಬಟ್ಟಲು ಹಿಡಿದು ಏಣಿ ಹತ್ತಲು ಬಂದಳು.

"ಇದನ್ನ ನಾನು ಬರೀತೀನಿ, ಬಿಡು" ಎಂದೆ.

ಎಡಗೈಯ ಬಾಸಿಂಗ ಬೇಗ ಆಯಿತು. ಬಲಗೈಯದು, ದಂಡಿಗೆಯ ಕಡೆಯದು, ಆಗಲಿಲ್ಲ. ಒಂದು ಗೆರೆ ಎಳೆದು ನಿಲ್ಲಿಸಿದೆ. ಇನ್ನೊಂದು ಗೆರೆ ಎಳೆದು ನಿಲ್ಲಿಸಿದೆ. ಮನಸ್ಸು ಮುಂದೆ ಹೋಗುತ್ತಿರಲಿಲ್ಲ. ಗೋಡೆಯ ಕಡೆಗೇ ಮುಖ ಮಾಡಿಕೊಂಡು ಕೇಳಿದೆ.

"ಬ್ಯಾಕೋಡಿನ ಹುಡ್ಗ ನಿಂಗೆ ಹೆಂಗೆ ಅನ್ಸುತ್ತೆ?"

ತಿರುಗಿ ನೋಡಿದೆ. ಅವಳು ಏಣಿಯ ಬುಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

"ನಾನು ಕಳಿಸ್ಬೇಕು ಅಂತ ಕೇಳ್ತಿಲ್ಲ. ಇಟ್ಕೋಬೇಕು ಅಂತಾನೂ ಕೇಳ್ತಿಲ್ಲ. ನಿಂಗೆ ಇಷ್ಟನಾ ಹೇಳು. ಇಲ್ಲ ಅಂದ್ರೆ ಇಲ್ಲ."

"ನೀವು ಬೇಜಾರ್ ಮಾಡ್ಕೋತೀರಿ."

"ಮಾಡ್ಕೋತೀನಿ. ಅಳ್ತೀನಿ ಕೂಡ. ಅದು ನನ್ ಕೆಲ್ಸ, ಅದನ್ನ ನಾನು ನೋಡ್ಕೋತೀನಿ. ನೀನು ಹೇಳು."

"ಮತ್ತೆ ಚಿತ್ತಾರ? ಎಳೆ ಯಾರು ಹಿಡೀತಾರೆ?"

"ಈಗ ಹಿನ್ನೀರಿಗೆ ಸೇತುವೆ ಆಗಿಲ್ವಾ? ಮೊದಲಿನ ಹಂಗೆ ಲಾಂಚಿಗೆ ಕಾಯ್ಬೇಕಾ? ಬಸ್ ಹತ್ತಿ ಬಾ. ನಿಂಗೆ ಬರೋಕಾಗ್ದಿದ್ರೆ ನಾನೇ ಬರ್ತೀನಿ. ಅದನ್ನೆಲ್ಲ ಕಟ್ಕೊಂಡು ಮಾತು ಮರೆಸ್ಬೇಡ."

ಅವಳು ತಲೆ ತಗ್ಗಿಸಿಕೊಂಡಳು. ಏಣಿಗೆ ಹೇಳುವಂತೆ ಹೇಳಿದಳು.

"ಇಷ್ಟ ಅತ್ತೆ. ಮೊದಲ್ನೇ ಸಲ ಬಂದಾಗ್ಲೇ."

ಅವನು ಮೊದಲನೆಯ ಸಲ ನಮ್ಮ ಮನೆಗೆ ಚೌಕಟ್ಟು ಸಾಗಿಸಲು ಬಂದದ್ದು ಅಂಟಿಗೆಪಂಟಿಗೆಯವರು ದೀಪ ಹಿಡಿದು ಮನೆ ಮನೆಗೆ ಬರುತ್ತಿದ್ದ ದೀಪಾವಳಿಯ ದಿನಗಳಲ್ಲಿ. ಈಗ ಚರ್ಚಿನ ಅಂಗಳದ ಮಾವಿನ ಮರದಿಂದ ಮಿಡಿ ಉದುರುತ್ತಿತ್ತು. ಅಷ್ಟು ಕಾಲ ಅವಳು ನನ್ನ ಎದುರೇ ಕೂತು ಉಂಡಿದ್ದಳು, ನನ್ನ ಜೊತೆ ನಕ್ಕಿದ್ದಳು, ಅವನ ತಾಯಿ ಬಂದಾಗ ಕಾಫಿ ಮಾಡಿ ತಂದುಕೊಟ್ಟು ಒಳಗೆ ಹೋಗಿದ್ದಳು, ನಾನು ಯೋಚನೆ ಮಾಡಿ ಹೇಳುತ್ತೇನೆ ಎಂದದ್ದನ್ನು ಬಾಗಿಲ ಹಿಂದೆ ನಿಂತು ಕೇಳಿದ್ದಳು. ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ನಾನು ಮಿಕ್ಕ ಗೆರೆಗಳನ್ನು ಎಳೆದು ಬಾಸಿಂಗ ಮುಗಿಸಿದೆ. ಏಣಿಯಿಂದ ಇಳಿದು, ಹಿಟ್ಟಿನ ಕೈಯನ್ನು ಸೀರೆಗೇ ಒರೆಸಿಕೊಂಡು ಗಂಡನಿಗೆ ಫೋನ್ ಹಚ್ಚಿದೆ.

"ಬ್ಯಾಕೋಡಿನವ್ರಿಗೆ ಹೂಂ ಅಂತ ಹೇಳಿ" ಎಂದೆ. "ನಾಳೆ ಅಲ್ಲ. ಈಗ್ಲೇ ಹೇಳಿ."